ಬೆಂಕಿ ಆರಿದ ಊರಿನಲ್ಲಿ ಕ್ಯಾಮೆರಾ

ಪ್ರಶ್ನೆ: ಕಾಡ್ಗಿಚ್ಚು ಊರೊಳಕ್ಕೆ ನುಗ್ಗಿ ಮನೆಗಳನ್ನು ಸುಟ್ಟ ಬಳಿಕ ಅಲ್ಲಿ ಛಾಯಾಚಿತ್ರ ತೆಗೆಯುವುದು ಸರಿಯೇ? ಏನೇನು ಗಮನಿಸಬೇಕು?

ಉತ್ತರ: ತೆಗೆಯಬಹುದು, ಆದರೆ ಮನೆಯವರ ಒಪ್ಪಿಗೆ ಪಡೆದೇ. ಒಂದು ಗೋಡೆಯೂ ಉಳಿಯದಿದ್ದರೂ ಅದು ಅವರ ಮನೆಯೇ. ಬೂದಿ ಕೆದಕುತ್ತಿರುವವರ ಮುಖಕ್ಕೆ ದೂರದಿಂದ ಜೂಮ್ ಲೆನ್ಸ್ ಹಿಡಿಯುವುದನ್ನು ನಾನಂತೂ ಒಪ್ಪಲಾರೆ. ಬೂದಿಯಲ್ಲಿ ಸೀಸ, ಕಲ್ನಾರು (ಆಸ್ಬೆಸ್ಟಾಸ್) ಇರಬಹುದಾದ್ದರಿಂದ ಎನ್‌95 ಮಾಸ್ಕ್, ಕೈಗವಸು, ದಪ್ಪ ಅಟ್ಟೆಯ ಬೂಟು ಬೇಕೇಬೇಕು. ನವಿರಾದ ಬೂದಿ ಕ್ಯಾಮೆರಾದೊಳಗೆ ಚಿತ್ರ ಗ್ರಹಿಸುವ ಸೆನ್ಸರ್ ಮೇಲೆ ಕೂರುವುದರಿಂದ ಅಲ್ಲಿ ಲೆನ್ಸ್ ಬದಲಿಸದಿರುವುದು ಲೇಸು.

ಇನ್ನು ಚಿತ್ರದ ಮಾತು. 2018ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಪಟ್ಟಣವನ್ನು ಸುಟ್ಟು 85 ಜನರನ್ನು ಬಲಿ ತೆಗೆದುಕೊಂಡ ‘ಕ್ಯಾಂಪ್ ಫೈರ್’ ಎಂಬ ಕಾಡ್ಗಿಚ್ಚಿನ ನಂತರ, ಕಾರಿನ ಚಕ್ರಗಳ ಅಲ್ಯೂಮಿನಿಯಂ ಕರಗಿ, ನೆಲದ ಇಳಿಜಾರು ಹಿಡಿದು ಹರಿದು, ಬೆಳ್ಳಿಯ ಬಣ್ಣದ ಗೆರೆಗಳಾಗಿ ಹೆಪ್ಪುಗಟ್ಟಿದ್ದನ್ನು ಹಲವರು ಸೆರೆಹಿಡಿದರು. ಆ ಲೋಹ ಕರಗುವುದು ಸುಮಾರು 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಬುದನ್ನು ನೆನೆದರೆ, ಅಂತಹ ಒಂದು ಚಿತ್ರ ಬೆಂಕಿಯ ತಾಪವನ್ನು ಹೇಳುವಷ್ಟು ಹತ್ತು ಅಳುಮುಖಗಳು ಹೇಳಲಾರವು.

ಅವಶೇಷ ತೆರವುಗೊಳಿಸುವ ಮೊದಲು ತೆಗೆದ ಚಿತ್ರಗಳು ವಿಮೆಯ ಪರಿಹಾರಕ್ಕೆ ದಾಖಲೆಯಾಗುತ್ತವೆ. ಆದ್ದರಿಂದ ಪ್ರತಿ ಕೋಣೆಯ ಜಾಗವನ್ನು ನಾಲ್ಕೂ ದಿಕ್ಕಿನಿಂದ ತೆಗೆದು, ಪ್ರತಿಗಳನ್ನು ಮನೆಯವರಿಗೆ ಉಚಿತವಾಗಿ ಕೊಡಿ.