ಕಾಸರಗೋಡಿನಲ್ಲಿ ವಕೀಲಿಕೆ ಮಾಡುತ್ತಿರುವ ಕನ್ನಡಿಗರು ಕೇರಳ ಸರ್ಕಾರದ ಪ್ರಾಸಿಕ್ಯೂಟರ್ (ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ವಕೀಲ) ಆಗಬಹುದಾ? ವಕೀಲಿಕೆ ಬಿಡಬೇಕಾ?

ಖಂಡಿತ ಆಗಬಹುದು. ಆದರೆ ದಾರಿ ಎರಡಿವೆ, ಎರಡೂ ಒಂದೇ ಅಂದುಕೊಳ್ಳಬೇಡಿ.

ಜಿಲ್ಲಾ ಪಬ್ಲಿಕ್ ಪ್ರಾಸಿಕ್ಯೂಟರ್ ಹುದ್ದೆ ಸರ್ಕಾರ ಒಂದು ಅವಧಿಗೆ ಕೊಡುವ ನೇಮಕ. ಕನಿಷ್ಠ 7 ವರ್ಷ ವಕೀಲಿಕೆ ಆಗಿರಬೇಕು. ಅವಧಿ ಮುಗಿದರೆ ಮತ್ತೆ ನಿಮ್ಮ ಸ್ವಂತ ಆಫೀಸು.

ಮ್ಯಾಜಿಸ್ಟ್ರೇಟ್ ಕೋರ್ಟಿನ ಅಸಿಸ್ಟೆಂಟ್ ಪಬ್ಲಿಕ್ ಪ್ರಾಸಿಕ್ಯೂಟರ್ ಹಾಗಲ್ಲ. ಅದು ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಪರೀಕ್ಷೆ ಮೂಲಕ ಸಿಗುವ ಖಾಯಂ ಸರ್ಕಾರಿ ಕೆಲಸ. ಕ್ರಿಮಿನಲ್ ಕೋರ್ಟಿನಲ್ಲಿ 3 ವರ್ಷದ ಅನುಭವ ಕೇಳುತ್ತಾರೆ. ಸೇರಿದ ಮೇಲೆ ಖಾಸಗಿ ಕೇಸು ಹಿಡಿಯುವಂತಿಲ್ಲ.

ನನ್ನ ಪ್ರಕಾರ ನಮ್ಮವರಿಗೆ ಪರೀಕ್ಷೆಗಿಂತ ಜಾಸ್ತಿ ಕಷ್ಟ ಮಲಯಾಳದ್ದು. ಎಫ್‌ಐಆರ್, ಮಹಜರು, ಸಾಕ್ಷಿಗಳ ಹೇಳಿಕೆ ಹೆಚ್ಚಾಗಿ ಮಲಯಾಳದಲ್ಲೇ ಬರುತ್ತವೆ. ಮಾತಾಡಲು ಬಂದರೆ ಸಾಲದು, ಅವಸರದಲ್ಲಿ ಗೀಚಿದ ಕೈಬರಹವೂ ಓದಲು ಬರಬೇಕು. ಅದೇ ಪೈವಳಿಕೆ, ಎಣ್ಮಕಜೆ ಕಡೆಯ ಸಾಕ್ಷಿ ಗದ್ದೆ ಹುಣಿಯ (ಬದುವಿನ) ಹೊಡೆದಾಟವನ್ನು ತುಳುವಿನಲ್ಲೋ ಕನ್ನಡದಲ್ಲೋ ಹೇಳುತ್ತಾನೆ. ಆ ಮಾತು ಅರ್ಥವಾಗುವ ಪ್ರಾಸಿಕ್ಯೂಟರ್ ಈ ಜಿಲ್ಲೆಗೆ ನಿಜವಾಗಿಯೂ ಬೇಕು, ಅಲ್ವಾ?

ಹಾಗಾಗಿ ಸಿವಿಲ್ ದಾವೆಗಳಲ್ಲೇ ಉಳಿಯದೆ, ಈಗಿನಿಂದಲೇ ಕ್ರಿಮಿನಲ್ ಕಡೆಗೆ ಬನ್ನಿ. ಅಸಿಸ್ಟೆಂಟ್ ಹುದ್ದೆಗೆ ಅನುಭವ ಎಣಿಸುವುದು ಅಲ್ಲಿಂದಲೇ.