ಗಂಡನ ಒಕ್ಕದ ಜಮ್ಮಾ ಬಾಣೆಯಲ್ಲಿ ಹಣ ಹಾಕುವ ಮೊದಲು ಪ್ರಿನಪ್ ಸಾಕೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ: ನೀವಿಬ್ಬರೂ ಕೊಡವರು, ಮದುವೆ ನಿಶ್ಚಯವಾಗಿದೆ, ಬೆಂಗಳೂರಿನ ಕೆಲಸದಲ್ಲಿ ಉಳಿಸಿದ ಹಣದಿಂದ ಹುಡುಗನ ಒಕ್ಕದ, ಅಂದರೆ ತಂದೆಯ ಕಡೆಯ ಕೂಡುಕುಟುಂಬದ, ಜಮ್ಮಾ ಬಾಣೆಯಲ್ಲಿ (ವಂಶಪಾರಂಪರ್ಯವಾಗಿ ಬಂದ, ಗದ್ದೆಗೆ ಸೇರಿದ ಗುಡ್ಡದ ಜಮೀನಿನಲ್ಲಿ) ಹೋಂಸ್ಟೇ ಕಟ್ಟಬೇಕೆಂದಿದ್ದೀರಿ, ಅದಕ್ಕೆ ಮುಂಚೆ ಒಂದು ವಿವಾಹಪೂರ್ವ ಒಪ್ಪಂದ (ಪ್ರಿನಪ್) ಮಾಡಿಕೊಂಡರೆ ಸಾಕೇ ಎಂದು ಕೇಳಿದ್ದೀರಿ. ವಿರಾಜಪೇಟೆಯಲ್ಲಿ ವಕೀಲಿಕೆ ಮಾಡುವ ನಾನು ಹೇಳುವುದೇನೆಂದರೆ, ಒಪ್ಪಂದ ಮಾಡಿಕೊಳ್ಳಿ, ಆದರೆ ಹೋಂಸ್ಟೇಗೆ ಹಾಕುವ ಹಣವನ್ನು ಕಾಯಬೇಕಾದದ್ದು ಬೇರೆ ಕಾಗದ.

ಗೋವಾದಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪ್ರಕಾರ ಮದುವೆಗೆ ಮುಂಚೆ ಆಸ್ತಿಯ ಬಗ್ಗೆ ಮಾಡಿಕೊಳ್ಳುವ ಒಪ್ಪಂದಕ್ಕೆ ಕಾನೂನಿನ ಮಾನ್ಯತೆ ಇದೆ. ನಮ್ಮ ರಾಜ್ಯದಲ್ಲಿ ಅಂಥ ಪ್ರತ್ಯೇಕ ಕಾನೂನಿಲ್ಲದಿರುವುದರಿಂದ ಇದನ್ನೂ ಉಳಿದ ಕರಾರುಗಳಂತೆ 1872ರ ಕರಾರು ಕಾಯ್ದೆಯಡಿ ನೋಡಲಾಗುತ್ತದೆ, ಮತ್ತು ಸಾರ್ವಜನಿಕ ನೀತಿಗೆ ವಿರುದ್ಧವಾದ ಕರಾರು ಅದರ 23ನೇ ಸೆಕ್ಷನ್ನಿನಂತೆ ಅಸಿಂಧುವಾಗುತ್ತದೆ. ಹೆಂಡತಿಯನ್ನು ಅವಳ ತಾಯಿಯ ಮನೆಯಿಂದ ಕರೆದೊಯ್ಯುವುದಿಲ್ಲವೆಂದು ಗಂಡ ಮದುವೆಗೆ ಮುಂಚೆ ಬರೆದುಕೊಟ್ಟಿದ್ದ ಕರಾರನ್ನು ಕಲ್ಕತ್ತಾ ಹೈಕೋರ್ಟು 1901ರಲ್ಲೇ ಒಪ್ಪಲಿಲ್ಲ. ಗಂಡನೇ ಹೆಂಡತಿಯ ಮನೆಗೆ ಬಂದು ನೆಲೆಸುವ ಪದ್ಧತಿಯನ್ನು ಕಂಡಿರುವ ನಮ್ಮ ಹಿರಿಯರಿಗೆ ಆ ತೀರ್ಪು ವಿಚಿತ್ರವಾಗಿ ಕಂಡೀತು. ಇಂದಿಗೂ ಬೇರೆಯಾದರೆ ಜೀವನಾಂಶ ಕೇಳುವುದಿಲ್ಲ, ಮಗು ಇಂಥವರ ಬಳಿಯೇ ಇರತಕ್ಕದ್ದು ಎಂಬಂಥ ಷರತ್ತುಗಳನ್ನು ಬರೆದರೆ ಅವು ನ್ಯಾಯಾಲಯದಲ್ಲಿ ನಿಲ್ಲುತ್ತವೆಂದು ನಂಬಬೇಡಿ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಸೆಕ್ಷನ್ನಿನಲ್ಲಿದ್ದ, ಈಗ ನಾಗರಿಕ ಸುರಕ್ಷಾ ಸಂಹಿತೆಯ 144ರಲ್ಲಿರುವ ಜೀವನಾಂಶದ ಹಕ್ಕನ್ನು ಮುಂಗಡವಾಗಿ ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ.

ವಿಚ್ಛೇದನವಾದರೆ ಅರ್ಧ ಆಸ್ತಿ ಹೋಗುತ್ತದೆ ಎಂಬ ಭಯವೂ ನಿಮ್ಮ ಬರಹದಲ್ಲಿ ಇಣುಕುತ್ತಿದೆ. ಅದು ಸಿನಿಮಾ ನೋಡಿ ಬಂದ ಭಯ. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದ ಮಾತ್ರಕ್ಕೆ ಗಂಡಹೆಂಡಿರ ಆಸ್ತಿ ಒಂದಾಗುವುದಿಲ್ಲ. ನಿಮ್ಮ ಠೇವಣಿ, ಪಿಎಫ್, ಷೇರುಗಳು ಮದುವೆಯ ನಂತರವೂ ನಿಮ್ಮವೇ. ತೊಂದರೆ ಬರುವುದು ಒಬ್ಬರ ಹಣ ಇನ್ನೊಬ್ಬರ ನೆಲಕ್ಕೆ ಸೇರಿದಾಗ, ಮತ್ತು ನೀವು ಮಾಡಹೊರಟಿರುವುದು ಅದನ್ನೇ.

ಜಮ್ಮಾ ಜಮೀನಿನ ಪಹಣಿಯಲ್ಲಿ ಪಟ್ಟೇದಾರರ, ಅಂದರೆ ಒಕ್ಕದ ಮುಖ್ಯಸ್ಥರ, ಹೆಸರು ಮೊದಲಿಗೆ ಕಂಡರೂ ಹಕ್ಕು ಒಕ್ಕದ ಎಲ್ಲ ಪಾಲುದಾರರದು. ನಿಮ್ಮ ಹುಡುಗ ಎಷ್ಟೇ ಪ್ರಾಮಾಣಿಕನಾಗಿದ್ದರೂ, ಇಡೀ ಬಾಣೆಯ ಬಗ್ಗೆ ಅವನೊಬ್ಬನೇ ನಿಮಗೆ ಮಾತು ಕೊಡಲಾರ. ವಿವಾಹಪೂರ್ವ ಒಪ್ಪಂದಕ್ಕೆ ಸಹಿ ಹಾಕುವವರು ನೀವಿಬ್ಬರೇ ಆದ್ದರಿಂದ ಅದು ಅವನ ದೊಡ್ಡಪ್ಪನನ್ನಾಗಲಿ, ಮೈಸೂರಿನಲ್ಲಿರುವ ಅವನ ದಾಯಾದಿಗಳನ್ನಾಗಲಿ ಕಟ್ಟಿಹಾಕುವುದಿಲ್ಲ. ನಾಳೆ ಒಕ್ಕದಲ್ಲಿ ಪಾಲುಪಾರಿಕತ್ತು ನಡೆದು ಹೋಂಸ್ಟೇ ಇರುವ ಜಾಗ ಬೇರೊಬ್ಬರ ಪಾಲಿಗೆ ಹೋದರೆ, ನಿಮ್ಮ ದುಡ್ಡಿನ ಮನೆಯನ್ನು ಕಿತ್ತು ಹೊತ್ತೊಯ್ಯಲು ಸಾಧ್ಯವೇ? ಆದ್ದರಿಂದ ಒಕ್ಕದಲ್ಲಿ ಈಗಾಗಲೇ ನೋಂದಾಯಿತ ವಿಭಾಗ ಪತ್ರ ಆಗಿದೆಯೇ ಎಂದು ಮೊದಲು ಕೇಳಿ. ಆಗಿಲ್ಲದಿದ್ದರೆ ಕಟ್ಟಡದ ಜಾಗದ ಮಟ್ಟಿಗೆ ಎಲ್ಲ ಪಾಲುದಾರರೂ ಸಹಿ ಹಾಕಿದ ಗೇಣಿ (ಲೀಸ್) ಪತ್ರವನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಒಂದು ವರ್ಷಕ್ಕೆ ಮೀರಿದ ಗೇಣಿಯನ್ನು ನೋಂದಾಯಿಸಲೇಬೇಕು, ನೋಟರಿಯ ಮೊಹರು ಅದಕ್ಕೆ ಬದಲಿಯಾಗುವುದಿಲ್ಲ. ಒಕ್ಕದವರು ಸಹಿಗೆ ಹಿಂದೇಟು ಹಾಕಿದರೆ ಅಲ್ಲಿ ಕಟ್ಟಬೇಡಿ ಎಂಬುದೇ ನನ್ನ ಸಲಹೆ.

ಹುಡುಗನಿಗೆ ಹಣವನ್ನು ಸಾಲವಾಗಿ ಕೊಡುವುದಾದರೆ ಅದನ್ನು ಬ್ಯಾಂಕಿನ ಮೂಲಕವೇ ಕೊಟ್ಟು, ಹಿಂದಿರುಗಿಸಬೇಕಾದ ದಿನಾಂಕ ನಮೂದಿಸಿದ ಸಾಲಪತ್ರ ಬರೆಸಿಕೊಳ್ಳಿ. ಗಂಡಹೆಂಡಿರ ನಡುವಿನ ಸಾಲಕ್ಕೂ ಕಾಲಮಿತಿ ಕಾಯ್ದೆಯ ಮೂರು ವರ್ಷದ ಗಡುವು ಅನ್ವಯಿಸುತ್ತದೆ. ‘ಕೇಳಿದಾಗ ಕೊಡತಕ್ಕದ್ದು’ ಎಂದು ಬರೆದರೆ ಆ ಗಡುವು ಸಾಲ ಕೊಟ್ಟ ದಿನದಿಂದಲೇ ಓಡತೊಡಗುತ್ತದೆ. ಅವಧಿ ಮುಗಿಯುವುದರೊಳಗೆ ಸಾಲ ಬಾಕಿಯಿದೆಯೆಂದು ಅವನಿಂದ ಲಿಖಿತ ಒಪ್ಪಿಗೆ ಪಡೆದರೆ ಆ ದಿನದಿಂದ ಹೊಸ ಅವಧಿ ಸಿಗುತ್ತದೆ. ಸಂಸಾರ ಚೆನ್ನಾಗಿರುವಾಗ ಯಾರೂ ಇದನ್ನು ಕೇಳುವುದಿಲ್ಲ, ಆದ್ದರಿಂದ ಒಪ್ಪಿಗೆ ಬರೆದುಕೊಡುವ ದಿನಾಂಕವನ್ನೂ ಒಪ್ಪಂದದಲ್ಲೇ ಸೇರಿಸಿಡಿ. ತೋಟದ ಬೆಳೆಸಾಲಕ್ಕೆ ಜಾಮೀನು ಹಾಕಲು ಹೇಳಿದರೆ ಯೋಚಿಸಿ ಸಹಿ ಮಾಡಿ, ಏಕೆಂದರೆ ನಿಮ್ಮಿಬ್ಬರ ಒಪ್ಪಂದ ಬ್ಯಾಂಕಿಗೆ ಸಂಬಂಧಿಸಿದ್ದಲ್ಲ.

ಇಷ್ಟಾದ ಮೇಲೆ ವಿವಾಹಪೂರ್ವ ಒಪ್ಪಂದಕ್ಕೆ ಉಳಿಯುವ ಕೆಲಸ ಯಾರದು ಯಾವುದು, ಯಾರ ಸಾಲ ಎಷ್ಟು ಎಂಬುದನ್ನು ದಾಖಲಿಸುವುದು. ಆ ಮಟ್ಟಿಗೆ ಅದು ಒಳ್ಳೆಯ ಸಾಕ್ಷ್ಯ. ಒಡವೆಗಳ ಪಟ್ಟಿಯನ್ನು ಅವಸರದಲ್ಲಿ ಬರೆಯಬೇಡಿ. ಕೊರಳ ಸರವಾದ ಜೋಮಾಲೆಯ ಗುಂಡುಗಳ ಒಳಗೆ ಅರಗು ತುಂಬಿರುವುದರಿಂದ ತಕ್ಕಡಿ ತೋರಿಸುವ ತೂಕವೆಲ್ಲ ಚಿನ್ನವಲ್ಲ. ಗುಂಡುಗಳ ಸಂಖ್ಯೆ ಬರೆದು, ಫೋಟೋ ಅಂಟಿಸಿ, ಅದು ನಿಮಗೆ ಕೊಟ್ಟದ್ದೋ ಮದುವೆಯ ದಿನಕ್ಕಷ್ಟೇ ಅಜ್ಜಿಯಿಂದ ತಂದದ್ದೋ ಎಂದು ಸ್ಪಷ್ಟಪಡಿಸಿ. ಪದಕವಿರುವ ಸರವಾದ ಪತ್ತಾಕಿಗೂ ಇದೇ ಮಾತು. ನಿಮಗೆಂದು ಕೊಟ್ಟದ್ದು ಸ್ತ್ರೀಧನ, ಅದು ಸಂಪೂರ್ಣವಾಗಿ ನಿಮ್ಮದು. ಆದರೆ ‘ಮದುವೆಯ ಪ್ರತಿಫಲವಾಗಿ’ ಎಂಬ ಪದ ಎಲ್ಲಿಯೂ ನುಸುಳದಿರಲಿ. ನಮ್ಮಲ್ಲಿ ವರದಕ್ಷಿಣೆ ಇಲ್ಲವೆಂದು ನಾವು ಎಷ್ಟೇ ಹೆಮ್ಮೆಪಟ್ಟರೂ 1961ರ ವರದಕ್ಷಿಣೆ ನಿಷೇಧ ಕಾಯ್ದೆ ಓದುವುದು ಕಾಗದದ ಮೇಲಿನ ಮಾತನ್ನು, ಮತ್ತು ಅದರಡಿ ಕೊಟ್ಟವರೂ ತಪ್ಪಿತಸ್ಥರೇ.

ಇಬ್ಬರಿಗೂ ಬೇರೆಬೇರೆ ವಕೀಲರಿರಲಿ. ನೆಂಟರೆಲ್ಲ ಬಂದಿಳಿದ ಮೇಲೆ ಹಾಕಿಸಿದ ಸಹಿಯನ್ನು ಮುಂದೆ ಒತ್ತಾಯದ ಸಹಿಯೆಂದು ವಾದಿಸುವುದು ಸುಲಭವಾದ್ದರಿಂದ, ಮದುವೆಗೆ ತಿಂಗಳುಗಳಿರುವಾಗಲೇ ಛಾಪಾ ಕಾಗದದಲ್ಲಿ ಪ್ರತಿ ಪುಟಕ್ಕೂ ಸಹಿಯಾಗಲಿ. ಮನೆಯವರು ಏನೆಂದುಕೊಳ್ಳುತ್ತಾರೋ ಎಂಬ ನಿಮ್ಮ ಅಳುಕಿಗೆ ಒಂದು ಮಾತು: ಮದುವೆಯಲ್ಲಿ ಸಂಬಂಧ ಅಡ್ಕುವಾಗ (ಹುಡುಗಿಯನ್ನು ಗಂಡನ ಒಕ್ಕಕ್ಕೆ ಸೇರಿಸುವ ವಿಧಿಯಲ್ಲಿ) ಎರಡೂ ಕಡೆಯ ಅರುವರು, ಅಂದರೆ ಮನೆತನದ ಪರವಾಗಿ ಮಾತನಾಡುವವರು, ಎದುರುಬದುರು ನಿಂತು, ಹೋದ ಮನೆಯಲ್ಲಿ ಹುಡುಗಿಗಿರುವ ಹಕ್ಕನ್ನು ಎಲ್ಲರೆದುರಿಗೇ ಮಾತನಾಡುತ್ತಾರೆ. ಹಾಗಿರುವಾಗ ಹಕ್ಕಿನ ಮಾತು ಅಪಶಕುನವೆಂದು ಯಾರೂ ಹೇಳಲಾರರು. ನಿಮ್ಮ ಅರುವರನ್ನೇ ಒಪ್ಪಂದಕ್ಕೆ ಸಾಕ್ಷಿಯಾಗಲು ಕೇಳಿ, ಗೇಣಿ ಪತ್ರದ ವಿಷಯವನ್ನೂ ಹುಡುಗನ ಒಕ್ಕದ ಹಿರಿಯರ ಮುಂದೆ ಅವರೇ ಎತ್ತಲಿ.