ಎಂಟಡಿ ಪ್ಲೈ ಮೇಲೆ ಸಕಲೇಶಪುರ ಘಾಟ್: ನಿಮ್ಮ ಗುಡ್ಡದ ಪ್ರಶ್ನೆಗೆ ಉತ್ತರ

ಫೋಟೊ ನೋಡಿದೆ ಸರ್. ಎಂಟಡಿ ಉದ್ದ ನಾಲ್ಕಡಿ ಅಗಲದ ಪ್ಲೈ, ಅದರ ಮೇಲೆ ಎಚ್‌ಓ ಅಳತೆಯ (ನಿಜದ್ದರ 87ರಲ್ಲಿ ಒಂದು ಪಾಲು) ಮಾದರಿ ರೈಲಿನ ಹಳಿ, ಒಂದು ಡೀಸೆಲ್ ಇಂಜಿನ್, ಐದು ನೀಲಿ ಬೋಗಿ. ಸಕಲೇಶಪುರ ಘಾಟ್ ಥರ ಗುಡ್ಡ ಬೇಕು, ಎರಡು ಸುರಂಗ ಬೇಕು, ಥರ್ಮಾಕೋಲಲ್ಲಿ ಮಾಡಿದ್ದು ಹುತ್ತದ ಹಾಗೆ ಕಾಣುತ್ತಿದೆ, ಜೊತೆಗೆ ಬೋಗಿ ಸುರಂಗದ ಬಾಯಿಗೆ ಉಜ್ಜುತ್ತಿದೆ ಎಂದಿದ್ದೀರಿ. ಹುತ್ತ ಅಂದದ್ದು ನೀವೇ, ನಾನಲ್ಲ. ಆದರೆ ಗಣಪತಿ ಪೆಂಡಾಲಿನ ಕೈಲಾಸದ ಕಳೆ ಇದೆ ಎನ್ನುವುದನ್ನು ಒಪ್ಪಬೇಕು.

ಹಾಸನದಲ್ಲಿ ನಮ್ಮ ಮನೆಯ ಮಹಡಿ ರೂಮಿನಲ್ಲಿ ಈ ಕೆಲಸ ಮೂರು ಸಲ ಮಾಡಿ ಎರಡು ಸಲ ಕಿತ್ತುಹಾಕಿದ್ದೇನೆ. ಇಂಥ ಮಾದರಿ ರೈಲಿನ ಹರವಿಗೆ ಲೇಔಟ್ ಅನ್ನುತ್ತೇವೆ. ಲೇಔಟ್ ಮಾಡ್ತಿದ್ದೀನಿ ಅಂದರೆ ನಮ್ಮ ಕಡೆ ಎಲ್ಲರೂ ಸೈಟಿನ ರೇಟ್ ಕೇಳುತ್ತಾರೆ, ಅದು ಬೇರೆ ಕತೆ. ಕಿತ್ತ ಎರಡು ಗುಡ್ಡಗಳಿಂದ ಕಲಿತದ್ದನ್ನು ಬರೆಯುತ್ತೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಓದಿ.

ಮೊದಲನೆಯದು, ನಿಮ್ಮ ಗುಡ್ಡ ಯಾಕೆ ಹುತ್ತ ಆಯಿತು ಅಂತ. ನೀವು ಸುರಂಗ ಬೇಕು ಅಂತ ಹಳಿ ಮೇಲೆ ಒಂದು ಟೋಪಿ ಇಟ್ಟಿದ್ದೀರಿ. ಎಡಕ್ಕೂ ಬಲಕ್ಕೂ ಬಯಲು, ನಡುವೆ ಒಂದು ದಿಬ್ಬ. ನೋಡಿದವರಿಗೆ ಬರುವ ಮೊದಲ ಯೋಚನೆ: ರೈಲು ಪಕ್ಕದಿಂದ ಸುತ್ತಿಕೊಂಡು ಹೋಗಬಹುದಿತ್ತಲ್ಲ? ನಿಜವಾದ ಘಾಟಿನಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ. ಯಶವಂತಪುರ–ಮಂಗಳೂರು ಹಗಲು ರೈಲಿನಲ್ಲಿ ಒಮ್ಮೆ ಹೋಗಿ ಬನ್ನಿ. ದೋಣಿಗಲ್ ದಾಟಿದ ಮೇಲೆ ಬಾಗಿಲ ಹತ್ತಿರ ನಿಲ್ಲದೆ, ಕಿಟಕಿ ಪಕ್ಕ ಕೂತು ನೋಡಿ. ಒಂದು ಕಡೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂಡೆ, ನೀರು ಜಿನುಗುತ್ತಿರುತ್ತದೆ. ಇನ್ನೊಂದು ಕಡೆ ನೆಲವೇ ಇಲ್ಲ, ಮರದ ತುದಿಗಳು ಕಾಲ ಕೆಳಗೆ. ಗುಡ್ಡದ ಮೂಗು ಅಡ್ಡ ಬಂದಲ್ಲಿ ಸುರಂಗ, ಎರಡು ಮೂಗುಗಳ ನಡುವೆ ಹಳ್ಳ ಬಂದಲ್ಲಿ ಸೇತುವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ.ಗಳಲ್ಲಿ 57 ಸುರಂಗ. ಪ್ರತಿ ಸುರಂಗದಲ್ಲೂ ಬೋಗಿ ತುಂಬ ಮಕ್ಕಳು ಹೋ ಅಂತ ಕೂಗುತ್ತಾರೆ, ದೊಡ್ಡವರೂ ಕೂಗುತ್ತಾರೆ. ಹಳಿ ಮೇಲೆ ನಡೆದು ನೋಡಲು ಹೋಗಬೇಡಿ, ಅದು ನಿಷೇಧ, ಅಪಾಯ ಕೂಡ.

ಹಾಗಾಗಿ ಗುಡ್ಡಕ್ಕಿಂತ ಮೊದಲು ಕಣಿವೆ ಮಾಡಿ. ಘಾಟ್ ಅನ್ನಿಸುವುದು ಹಳಿಯ ಮೇಲಿರುವ ಎತ್ತರದಿಂದಲ್ಲ, ಹಳಿಯ ಕೆಳಗಿರುವ ಆಳದಿಂದ. ನೀವು ಹಳಿಯನ್ನೇ ಮೇಲೇರಿಸಿ ಒಂದರ ಮೇಲೊಂದು ದಾಟಿಸುವ ಯೋಚನೆಯಲ್ಲೂ ಇದ್ದೀರಿ. ಲೆಕ್ಕ ಹಾಕಿ. ಆ ಘಾಟಿನ ಏರು 50ಕ್ಕೆ 1, ಅಂದರೆ 50 ಅಡಿ ಮುಂದೆ ಹೋದರೆ 1 ಅಡಿ ಮೇಲೆ. ಕೆಳಗಿನ ರೈಲಿನ ಮೇಲೆ ಇನ್ನೊಂದು ಹಳಿ ಹೋಗಲು 80 ಮಿ.ಮೀ. ಎತ್ತರ ಬೇಕೆಂದರೆ ಹತ್ತಲು 4 ಮೀಟರ್, ಇಳಿಯಲು 4 ಮೀಟರ್. ನಿಮ್ಮ ಇಡೀ ಸುತ್ತು ಐದೂವರೆ ಮೀಟರ್ ಇದ್ದರೆ ಹೆಚ್ಚು. 30ಕ್ಕೆ 1 ಮಾಡಿದರೂ ಜಾಗ ತೀರಾ ಇಕ್ಕಟ್ಟು, ಇಂಜಿನ್ ಬೇರೆ ಐದು ಬೋಗಿ ಎಳೆಯಲಾರದೆ ಚಕ್ರ ತಿರುಗಿಸುತ್ತ ನಿಂತುಬಿಡುತ್ತದೆ. ಹಳಿ ಸಮತಟ್ಟಾಗಿಯೇ ಇರಲಿ. ನೆಲವನ್ನು ಇಳಿಸಿ.

ಹಳಿಯನ್ನು ಇನ್ನೂ ಅಂಟಿಸಿಲ್ಲ ಎಂದಿದ್ದೀರಿ, ಒಳ್ಳೆಯದಾಯಿತು. ಎರಡು ಇಂಚು ದಪ್ಪದ ಗಟ್ಟಿ ಥರ್ಮಾಕೋಲ್ ಶೀಟನ್ನು ಇಡೀ ಪ್ಲೈ ಮೇಲೆ ಎರಡು ಪದರ ಹಾಸಿ, ಅದರ ಮೇಲೆ ಹಳಿ. ಆಮೇಲೆ ಮುಂಭಾಗದಲ್ಲಿ ಚಾಕುವಿನಿಂದ ಕಣಿವೆ ಕೊರೆಯಿರಿ. ಟಿವಿ ಬಾಕ್ಸಿನಲ್ಲಿ ಬರುವ ಥರ್ಮಾಕೋಲ್ ಬೇಡ, ಸಾಬಕ್ಕಿ ಥರ ಉದುರುತ್ತದೆ. ಅಂಟಿಗೆ ಫೆವಿಕಾಲ್ ಮಾತ್ರ. ರಬ್ಬರ್ ಸೊಲ್ಯೂಷನ್ ಥರದ ಘಾಟು ವಾಸನೆಯ ಅಂಟು, ಸ್ಪ್ರೇ ಪೇಂಟ್ ಎರಡೂ ಥರ್ಮಾಕೋಲನ್ನು ಕರಗಿಸಿಬಿಡುತ್ತವೆ. ಎರಡು ಶೀಟಿನ ನಡುವೆ ಫೆವಿಕಾಲ್ ಒಣಗಲು ದಿನಗಟ್ಟಲೆ ಬೇಕು, ಗಾಳಿಯೇ ಹೋಗುವುದಿಲ್ಲವಲ್ಲ. ಪೂರ್ತಿ ಬಳಿಯದೆ ಅಲ್ಲಲ್ಲಿ ಚುಕ್ಕೆ ಇಟ್ಟು ಮೇಲೆ ಪುಸ್ತಕ ಹೇರಿ.

ಈಗ ಬೋಗಿ ಉಜ್ಜುವ ವಿಷಯ. ಸುರಂಗ ಕರ್ವ್ ಮೇಲೆ ಇದೆ, ಅಲ್ವಾ? ಅಲ್ಲೇ ತಪ್ಪಿದ್ದು. ಚೆನ್ನೈನ ಐಸಿಎಫ್ ಕಾರ್ಖಾನೆಯ ನಮ್ಮ ನೀಲಿ ಬೋಗಿ ನಿಜದಲ್ಲಿ 21.3 ಮೀಟರ್ ಉದ್ದ, 87ರಿಂದ ಭಾಗಿಸಿದರೆ 245 ಮಿ.ಮೀ. ಇಷ್ಟುದ್ದದ ಬೋಗಿ 18 ಇಂಚು ತ್ರಿಜ್ಯದ ಕರ್ವಿನಲ್ಲಿ ತಿರುಗುವಾಗ ಹೊಟ್ಟೆ ಒಳಗಡೆಗೆ ಸುಮಾರು 8 ಮಿ.ಮೀ. ಚಾಚುತ್ತದೆ, ಮೂಲೆಗಳು ಹೊರಗಡೆಗೆ ಹೆಚ್ಚುಕಡಿಮೆ ಅಷ್ಟೇ ಚಾಚುತ್ತವೆ. ಬೋಗಿಯ ಅಗಲವೇ 37 ಮಿ.ಮೀ. ನೀವು 50 ಮಿ.ಮೀ. ಬಾಯಿ ಇಟ್ಟರೆ ಉಜ್ಜದೆ ಇನ್ನೇನು ಮಾಡೀತು? ಕರ್ವಿನಲ್ಲಿ 65 ಮಿ.ಮೀ. ಅಗಲ, ಹಳಿಯ ತಲೆಯಿಂದ 70 ಮಿ.ಮೀ. ಎತ್ತರ ಇಡಿ. ಮೇಲೆ ಕರೆಂಟ್ ತಂತಿ ಎಳೆಯುವ ಆಸೆ ಇದ್ದರೆ ಇನ್ನೂ ಎತ್ತರ ಬೇಕು.

ಲೆಕ್ಕ ಬೇಡ ಅಂದರೆ ಪೆನ್ಸಿಲ್ ಉಪಾಯ ಇದೆ. ಹಳಿ ಪಕ್ಕದಲ್ಲಿ ಬಿಳಿ ಹಾಳೆ ಹಾಸಿ. ಅತಿ ಉದ್ದದ ಬೋಗಿಯ ಹೊಟ್ಟೆಗೆ ಒಳಗಡೆ ಒಂದು, ಹೊರಮೂಲೆಗೆ ಒಂದು, ತುಂಡು ಪೆನ್ಸಿಲನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ. ಮೊನೆ ಹಾಳೆಗೆ ತಾಗಿರಲಿ. ಕೈಯಲ್ಲಿ ನಿಧಾನ ತಳ್ಳಿ. ಬೋಗಿ ತನಗೆಷ್ಟು ಜಾಗ ಬೇಕೆಂದು ತಾನೇ ಗೆರೆ ಎಳೆದು ಹೇಳುತ್ತದೆ. ಆ ಗೆರೆಯಿಂದ 5 ಮಿ.ಮೀ. ಆಚೆ ನಿಮ್ಮ ಗೋಡೆ.

ಸುರಂಗ ಎಷ್ಟು ಉದ್ದ ಅಂದರೆ, ಅರ್ಧ ಮೀಟರ್ ಸಾಕು. ನಿಮ್ಮ ರೈಲು ಹತ್ತಿರ ಹತ್ತಿರ ಒಂದೂವರೆ ಮೀಟರ್ ಆಗುತ್ತದೆ. ಇಂಜಿನ್ ಆಚೆ ತಲೆ ಹಾಕಿದಾಗ ಕೊನೆ ಬೋಗಿ ಈಚೆ ಇನ್ನೂ ಕಾಣುತ್ತಿರಬೇಕು, ಆಗಲೇ ರೈಲು ಗುಡ್ಡವನ್ನು ಹೊಲಿದ ಹಾಗೆ ಕಾಣುವುದು. ಇನ್ನು ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿ.ಮೀ., ಲೆಕ್ಕದಲ್ಲಿ 19 ಮಿ.ಮೀ. ಆಗಬೇಕು, ಎಚ್‌ಓ ಹಳಿ 16.5 ಅಷ್ಟೇ ಅಂತ ಗುಂಪಿನಲ್ಲಿ ಯಾರಾದರೂ ಜಗಳ ತೆಗೆಯುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ.

ಮುಚ್ಚುವ ಮೊದಲು ಇದನ್ನು ಓದಿ. ನನ್ನ ಮೊದಲ ಗುಡ್ಡಕ್ಕೆ ಹಿಂಬಾಗಿಲು ಇರಲಿಲ್ಲ. ನಾಲ್ಕೂ ಕಡೆ ಚೆಂದವಾಗಿ ಮುಚ್ಚಿ, ಮೇಲೆ ಮರ ನೆಟ್ಟು, ಮನೆಯವರನ್ನೆಲ್ಲ ಕರೆದು ರೈಲು ಬಿಟ್ಟೆ. ಇಂಜಿನ್ ಒಳಗೆ ಹೋಯಿತು. ಬರಲಿಲ್ಲ. ಬೋಗಿ ಹಳಿ ತಪ್ಪುವುದಿದ್ದರೆ ಸುರಂಗದ ಒಳಗೇ ತಪ್ಪುತ್ತದೆ, ಇದು ನಿಯಮ ಅಂತಲೇ ಇಟ್ಟುಕೊಳ್ಳಿ. ಕಡ್ಡಿ ಹಾಕಿ ಎಳೆದೆ, ಕಪ್ಲಿಂಗ್ ಮುರಿಯಿತು. ಕೊನೆಗೆ ಬ್ರೆಡ್ ಚಾಕುವಿನಿಂದ ಗುಡ್ಡದ ಬೆನ್ನು ಕೊಯ್ದೆ. ನಮ್ಮತ್ತೆ ಪಕ್ಕದಲ್ಲಿ ನಿಂತು, ಸಿಸೇರಿಯನ್ ಆಯ್ತಲ್ಲಪ್ಪ ಅಂದರು.

ಅದಕ್ಕೇ ಗುಡ್ಡದ ಹಿಂಭಾಗ ಪೂರ್ತಿ ತೆರೆದಿರಲಿ. ಮುಷ್ಟಿ ಹಿಡಿದ ಕೈ ಒಳಗೆ ಹೋಗಿ, ಬೋಗಿ ಹಿಡಿದುಕೊಂಡು ವಾಪಸ್ ಬರಬೇಕು. ಪ್ಲೈ ಗೋಡೆಗೆ ಒತ್ತಿಕೊಂಡಿದ್ದರೆ ಗುಡ್ಡವನ್ನು ಮುಚ್ಚಳದ ಹಾಗೆ ಎತ್ತುವಂತೆ ಮಾಡಿ. ಸುರಂಗದೊಳಗೆ ಪಾಯಿಂಟ್ (ಹಳಿ ಕವಲೊಡೆಯುವ ಜಾಗ) ಬೇಡ, ಆದಷ್ಟು ಹಳಿಯ ಜೋಡಣೆಯೂ ಬೇಡ. ಇದ್ದೇ ಇದ್ದರೆ ಬೆಸುಗೆ ಹಾಕಿ, ಅಲ್ಲೇ ಒಂದು ವೈರ್ ಕೆಳಗಿನಿಂದ ಕೊಡಿ. ಒಂದು ವಾರ ರೈಲು ಓಡಿಸಿ, ಆಮೇಲೆ ಮುಚ್ಚಿ.

ಮುಚ್ಚುವ ಕೆಲಸಕ್ಕೆ ಥರ್ಮಾಕೋಲ್ ದಿಮ್ಮಿ ಬೇಕಿಲ್ಲ. ರಟ್ಟಿನ ಡಬ್ಬ ಕತ್ತರಿಸಿ ಒಂದು ಇಂಚಿನ ಪಟ್ಟಿ ಮಾಡಿ, ಮಂಕರಿ ಹೆಣೆದ ಹಾಗೆ ಹೆಣೆದು ಗ್ಲೂ ಗನ್ನಿನಿಂದ ಅಂಟಿಸಿ. ಗುಡ್ಡದ ಆಕಾರ ಇಲ್ಲೇ ಬರಬೇಕು. ತುದಿ ನಡುವೆ ಬರದಿರಲಿ, ಒಂದು ಕಡೆಗೆ ಇರಲಿ. ಮೇಲಿನಿಂದ ಎರಡು ಮೂಗು ಹಳಿ ಕಡೆಗೆ ಇಳಿದು ಬರಲಿ, ಅವುಗಳ ಬುಡದಲ್ಲೇ ನಿಮ್ಮ ಎರಡು ಸುರಂಗ. ಹಿಂದಿನ ಗೋಡೆಗೆ ಗುಡ್ಡ ಒರಗಿಕೊಂಡು ಆಚೆಗೂ ಮುಂದುವರಿದಂತೆ ಕಾಣಲಿ. ಮುಳ್ಳಯ್ಯನಗಿರಿ ಸುಮಾರು 1930 ಮೀಟರ್. ಅದೇ ಅಳತೆಗೆ ಮಾಡಿದರೆ 22 ಮೀಟರ್, ಮನೆ ಮೇಲೆ ಇನ್ನೊಂದು ಐದಾರು ಮಹಡಿ ಬೇಕು. ಹಾಗಾಗಿ ದೂರದ ಬೆಟ್ಟಗಳನ್ನು ಗೋಡೆ ಮೇಲೆ ಬಣ್ಣದಲ್ಲೇ ಬಿಡಿಸಿ. ದೂರ ಹೋದ ಹಾಗೆ ತಿಳಿಯಾಗಿ, ನೀಲಿಯಾಗಿ. ಚಿಕ್ಕಮಗಳೂರಿನ ಕಡೆ ನೋಡಿದ್ದೀರಲ್ಲ, ನೆತ್ತಿಯ ಮೇಲೆ ಬರೀ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಪ್ಪುಹಸಿರು ಶೋಲಾ ಕಾಡು. ಅಷ್ಟು ಬಿಡಿಸಿದರೆ ಯಾರೂ ಊಟಿ ಅನ್ನುವುದಿಲ್ಲ.

ಹೆಣಿಗೆ ಮೇಲೆ ಹಳೇ ಪಂಚೆ ತುಂಡು. ಅಂಗೈ ಅಗಲದ ತುಂಡುಗಳನ್ನು ಪಿಒಪಿಯಲ್ಲಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಅದ್ದಿ, ಒಂದರ ಮೇಲೊಂದು ಅರ್ಧ ಬರುವಂತೆ ಹಾಸಿ. ನೀರಿಗೆ ಪಿಒಪಿ ಉದುರಿಸಬೇಕು, ಪಿಒಪಿಗೆ ನೀರು ಹೊಯ್ಯಬಾರದು. ಸುಮ್ನೆ ಕಲಕುತ್ತಲೇ ಇದ್ದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ, ಕಲಸುವಾಗಲೇ ಒಂದು ಚಮಚ ಕೆಂಪು ಆಕ್ಸೈಡ್, ಚಿಟಿಕೆ ಕಪ್ಪು ಆಕ್ಸೈಡ್ ಹಾಕಿ. ನೆಲಕ್ಕೆ ಹಾಕುತ್ತಿದ್ದ ಅದೇ ಪುಡಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ನಾಳೆ ಎಲ್ಲಾದರೂ ಚಕ್ಕೆ ಎದ್ದರೆ ಒಳಗಿನಿಂದ ಬಿಳಿ ಇಣುಕುವುದಿಲ್ಲ. ಮಿಕ್ಕಿದ್ದನ್ನು ಬಚ್ಚಲಿಗೆ ಸುರಿಯಬೇಡಿ, ಪೈಪಿನೊಳಗೆ ಕಲ್ಲಾಗುತ್ತದೆ.

ಪಂಚೆ ಬದಲು ಪೇಪರ್ ಮತ್ತು ಮೈದಾ ಅಂಟು ಹಾಕಿ ಎಂದು ಗುಂಪಿನಲ್ಲಿ ನಿಮ್ಮ ಫೋಟೊ ಕೆಳಗೆ ಒಬ್ಬರು ಹೇಳಿದ್ದಾರೆ. ಬೆಂಗಳೂರಿನಲ್ಲಿ ನಡೆಯಬಹುದು. ನನ್ನ ಎರಡನೇ ಗುಡ್ಡ ಮೈದಾದ್ದೇ. ಜುಲೈನಲ್ಲಿ ಬೂಸ್ಟು ಬಂತು, ಆಗಸ್ಟಿನಲ್ಲಿ ಇಲಿ ಬಂತು. ಸುರಂಗದೊಳಗೆ ಸಂಸಾರ ಹೂಡಿ ನನ್ನ ಸಿಲ್ವರ್ ಓಕ್‌ಗಳನ್ನೆಲ್ಲ ಹಾಸಿಗೆ ಮಾಡಿಕೊಂಡಿತ್ತು. ಅಂಟಿಗೆ ಮೈಲುತುತ್ತ ಹಾಕಿದರೆ ಹುಳ, ಬೂಸ್ಟು ಹಿಡಿಯುವುದಿಲ್ಲ ನಿಜ, ಪುಸ್ತಕ ಕಟ್ಟುವವರು ಹಾಕುತ್ತಿದ್ದರು. ಆದರೆ ಅದು ವಿಷ, ನಿಮ್ಮ ಮಗ ಕೈ ಹಾಕುವ ಜಾಗ, ಜೊತೆಗೆ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ಅದನ್ನು ಅಡಿಕೆ, ಮೆಣಸಿಗೆ ಇಟ್ಟುಕೊಳ್ಳಿ. ಪಿಒಪಿ ಕೆಲಸವನ್ನೂ ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ನಮ್ಮ ಮಳೆಗಾಲದಲ್ಲಿ ಅದು ಗಟ್ಟಿಯಾಗುತ್ತದೆ ಹೊರತು ಒಣಗುವುದಿಲ್ಲ, ಬಣ್ಣ ಎದ್ದು ಬರುತ್ತದೆ.

ಬಂಡೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸಾಕು. ಮುದುಡಿ, ಅರ್ಧ ಬಿಡಿಸಿ, ಅದರೊಳಗೆ ಪಿಒಪಿ ಹೊಯ್ದು, ಇನ್ನೂ ಮೆತ್ತಗಿರುವಾಗಲೇ ಹಾಳೆ ಸಮೇತ ಗುಡ್ಡಕ್ಕೆ ಒತ್ತಿ. ಗಟ್ಟಿಯಾದ ಮೇಲೆ ಹಾಳೆ ಸುಲಿಯಿರಿ. ಸುರಂಗದ ಬಾಯಿಯ ಎರಡು ಪಕ್ಕಕ್ಕೆ ಇದನ್ನೇ ಮಾಡಿ. ನೀರು ಜಾಸ್ತಿ ಬೆರೆಸಿದ ಕಪ್ಪು ಬಣ್ಣ ಮೇಲಿನಿಂದ ಇಳಿಬಿಟ್ಟರೆ ಬಿರುಕಿನಲ್ಲೆಲ್ಲ ನಿಲ್ಲುತ್ತದೆ.

ಮಣ್ಣು ದುಡ್ಡು ಕೊಟ್ಟು ತರಿಸಬೇಡಿ, ಕೆಮ್ಮಣ್ಣಿನ ಊರಲ್ಲಿದ್ದುಕೊಂಡು. ತೋಟದ ಮಣ್ಣನ್ನು ಬಿಸಿಲಲ್ಲಿ ಒಣಗಿಸಿ, ಬಾಣಲೆಯಲ್ಲಿ ಹುರಿದು, ಟೀ ಸೋಸುವ ಜರಡಿಯಲ್ಲಿ ಹಿಡಿಯಿರಿ. ಆಮೇಲೆ ಒಂದು ಕೆಲಸ ತಪ್ಪದೆ ಮಾಡಿ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಆ ಮಣ್ಣಿನ ಮೇಲೆ ನಾಲ್ಕು ಸಲ ಆಡಿಸಿ. ಕಪ್ಪು ಮೀಸೆ ಥರ ಕಬ್ಬಿಣದ ಪುಡಿ ಎದ್ದು ಕೂರುತ್ತದೆ. ಅದು ಹಳಿ ಪಕ್ಕ ಬಿದ್ದರೆ ಇಂಜಿನ್ನಿನ ಮೋಟಾರಿನ ಅಯಸ್ಕಾಂತ ಎಳೆದುಕೊಳ್ಳುತ್ತದೆ, ಮೋಟಾರ್ ಹೋಗುತ್ತದೆ. ಕಾಫಿ ಚರಟವೂ ಕಾಡಿನ ನೆಲಕ್ಕೆ ಚೆನ್ನಾಗಿರುತ್ತದೆ, ಆದರೆ ಗರಿಗರಿ ಒಣಗಿಸದಿದ್ದರೆ ಬೂಸ್ಟು. ಮಣ್ಣು ಉದುರಿಸಿ, ಒಂದು ಪಾಲು ಫೆವಿಕಾಲಿಗೆ ಮೂರು ಪಾಲು ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಡ್ರಾಪರಿನಲ್ಲಿ ಬಿಡಿ. ಆ ಎರಡು ಹನಿ ಇಲ್ಲದಿದ್ದರೆ ಅಂಟು ಗುಂಡಾಗಿ ಉರುಳಿಹೋಗುತ್ತದೆ.

ಮರದಲ್ಲಿ ಅಳತೆ ಮರೆತುಬಿಡಿ. 25 ಮೀಟರಿನ ಸಿಲ್ವರ್ ಓಕ್ ಎಚ್‌ಓದಲ್ಲಿ 29 ಸೆಂ.ಮೀ. ಆಗುತ್ತದೆ, ನಿಮ್ಮ ಗುಡ್ಡವನ್ನೇ ನುಂಗುತ್ತದೆ. 12–15 ಸೆಂ.ಮೀ. ಮಾಡಿ, ಮೇಲೆ ಹೋದ ಹಾಗೆ ಇನ್ನೂ ಚಿಕ್ಕದು. ಒಣಗಿದ ಕಾಫಿ ಗಿಡದ ಸಣ್ಣ ರೆಂಬೆ, ಅದಕ್ಕೆ ಪಾತ್ರೆ ಉಜ್ಜುವ ಹಸಿರು ನಾರನ್ನು ಹಿಂಜಿ ಅಂಟಿಸಿದರೆ ಸಾಕು. ಕಾಫಿ ಗಿಡಕ್ಕೆ ಸ್ಪಂಜನ್ನು ಕಡುಹಸಿರು ಬಣ್ಣದಲ್ಲಿ ಅದ್ದಿ, ಎರಡು ಸೆಂ.ಮೀ. ಉಂಡೆ ಕತ್ತರಿಸಿ, ಸಾಲಾಗಿ ಕೂರಿಸಿ. ಗಿಳಿಹಸಿರು ಮಾತ್ರ ಬೇಡ, ಹುತ್ತಕ್ಕೂ ಕೈಲಾಸಕ್ಕೂ ಆ ಬಣ್ಣವೇ ಅರ್ಧ ಕಾರಣ.

ಸುರಂಗದ ಬಾಯಿಯನ್ನು ರಟ್ಟಿನಲ್ಲಿ ಕುದುರೆ ಲಾಳದ ಆಕಾರಕ್ಕೆ ಕತ್ತರಿಸಿ, ಮೇಲೆ ತೆಳ್ಳಗೆ ವಾಲ್ ಪುಟ್ಟಿ ಬಳಿದು ಕಲ್ಲಿನ ಗೆರೆ ಎಳೆಯಿರಿ. ಒಳಗೆ ಒಂದು ಗೇಣಿನಷ್ಟು ಗೋಡೆ ಮಾಡಿ ಕಪ್ಪು ಬಳಿಯಬೇಕು, ಇಲ್ಲದಿದ್ದರೆ ಬಗ್ಗಿ ನೋಡಿದವರಿಗೆ ರಟ್ಟಿನ ಡಬ್ಬದ ಬಿಸ್ಕತ್ ಕಂಪನಿ ಹೆಸರು ಕಾಣುತ್ತದೆ. ಕಮಾನಿನ ನೆತ್ತಿಗೆ ಡೀಸೆಲ್ ಹೊಗೆಯ ಮಸಿ, ಬುಡಕ್ಕೆ ಪಾಚಿ. ಯಾವ ಕಾಲ ತೋರಿಸುತ್ತೀರಿ ಎಂದೂ ಮೊದಲೇ ತೀರ್ಮಾನಿಸಿ. ಈ ಲೈನ್ 1979ರಲ್ಲಿ ಮೀಟರ್‌ಗೇಜ್ ಆಗಿ ಶುರುವಾದದ್ದು, 1996ರಲ್ಲಿ ಬ್ರಾಡ್‌ಗೇಜ್ ಮಾಡಲು ಮುಚ್ಚಿದರು, ಜನರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನಿಮ್ಮ ನೀಲಿ ಬೋಗಿಗೆ 2007ರ ನಂತರದ ಆ ವರ್ಷಗಳೇ ಸರಿ. 2018ರ ಮಳೆಯಲ್ಲಿ ಗುಡ್ಡ ಕುಸಿದು ವಾರಗಟ್ಟಲೆ ರೈಲು ನಿಂತಿತ್ತಲ್ಲ, ಅದರ ನೆನಪಿಗೆ ನಾನು ಒಂದು ಕಡೆ ಸೊಳ್ಳೆ ಜಾಲರಿಯಲ್ಲಿ ಜಲ್ಲಿ ಕಟ್ಟಿ ತಡೆಗೋಡೆ ಇಟ್ಟಿದ್ದೇನೆ. ಬಂದವರೆಲ್ಲ ಮೊದಲು ಅದನ್ನೇ ಮುಟ್ಟುತ್ತಾರೆ.

ಸದ್ಯಕ್ಕೆ ಇದ್ದ ಗುಡ್ಡ ಎತ್ತಿಟ್ಟು ಪೆನ್ಸಿಲ್ ಗೆರೆ ಎಳೆದು ಫೋಟೊ ಹಾಕಿ. ಮೂಗು ಎಲ್ಲಿ ಇಳಿಸಬೇಕು ಅಂತ ಅದರ ಮೇಲೇ ಗುರುತು ಮಾಡಿ ಕಳಿಸುತ್ತೇನೆ. ಜರಡಿ ಹಿಡಿದ ಮಣ್ಣು ನನ್ನ ಹತ್ತಿರ ಎರಡು ಹಾರ್ಲಿಕ್ಸ್ ಬಾಟಲಿ ಮಿಕ್ಕಿದೆ, ಅಯಸ್ಕಾಂತ ಆಡಿಸಿದ್ದೇ. ಹಾಸನಕ್ಕೆ ಬಂದಾಗ ತಗೊಂಡು ಹೋಗಿ, ಬಾಟಲಿ ಮಾತ್ರ ವಾಪಸ್ ಕೊಡಿ.